ಮೂಳೆಗಿಳಿದ ಕ್ಯಾನ್ಸರ್, ಕಡತದಲ್ಲುಳಿದ ಮದ್ದು

ಗರ್ಭಕಂಠದ ಕ್ಯಾನ್ಸರ್ ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಇತ್ತೀಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಲಸಿಕೆಯ ಸುತ್ತಲೇ ತಿರುಗುತ್ತಿದೆ. 2022ರಲ್ಲಿ ಪುಣೆಯ ಸೀರಂ ಸಂಸ್ಥೆ ತಯಾರಿಸಿದ ದೇಶೀ ಲಸಿಕೆಗೆ ಅನುಮತಿ ದೊರೆಯಿತು. 2024ರ ಮಧ್ಯಂತರ ಬಜೆಟ್‌ನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸುವುದನ್ನು ಪ್ರೋತ್ಸಾಹಿಸುವುದಾಗಿ ಹೇಳಿದರು. ಅಲ್ಲಿಂದೀಚೆಗೆ ಬೆಲೆ, ಡೋಸ್, ಆದ್ಯತೆ ಎಂಬ ಮಾತುಗಳೇ ಹೆಚ್ಚು. ಇದು ಆಗಬೇಕಾದ ಚರ್ಚೆಯೇ, ಅನುಮಾನವಿಲ್ಲ. ಆದರೆ ಇಂದು ಲಸಿಕೆ ಪಡೆದ ಬಾಲಕಿಗೆ ಅದರ ಪೂರ್ಣಫಲ ಸಿಗುವುದು ಎರಡು ಮೂರು ದಶಕಗಳ ನಂತರ. ಆಕೆಯ ತಾಯಿಗಾಗಲಿ, ಅಜ್ಜಿಗಾಗಲಿ ಈ ಲಸಿಕೆಯಿಂದ ಆಗುವ ಪ್ರಯೋಜನ ಹೆಚ್ಚೇನೂ ಇಲ್ಲ. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರೊಂದು ವರ್ಷದಲ್ಲೇ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಸುಮಾರು 80 ಸಾವಿರ ಮಹಿಳೆಯರು ಇದರಿಂದ ಸತ್ತರು. ಈ 80 ಸಾವಿರ ಮಂದಿ ಹೇಗೆ ಸತ್ತರು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಅವರಲ್ಲಿ ಒಂದು ಪಾಲಿನವರ ರೋಗ ಗರ್ಭಕಂಠವನ್ನು ದಾಟಿ ಮೂಳೆಗೆ ಇಳಿದಿರುತ್ತದೆ. ಈ ಲೇಖನ ಅವರನ್ನು ಕುರಿತದ್ದು. ನಾನು ವೈದ್ಯನಲ್ಲ, ಅರ್ಥಶಾಸ್ತ್ರ ಓದಿ, ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದವನು. ಆದರೂ ಈ ವಿಷಯ ಕುರಿತು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಏಕೆಂದರೆ ಕ್ಯಾನ್ಸರ್ ಮೂಳೆ ಸೇರಿದ ಮೇಲೆ ಎದುರಾಗುವ ಸಮಸ್ಯೆ ವೈದ್ಯವಿಜ್ಞಾನದ್ದಕ್ಕಿಂತ ಆಡಳಿತದ್ದು. ಆ ಹಂತದಲ್ಲಿ ಬೇಕಾಗುವ ಎರಡು ಮುಖ್ಯ ಚಿಕಿತ್ಸೆಗಳು ದಶಕಗಳಿಂದ ಗೊತ್ತಿರುವಂಥವು. ಅವು ದುಬಾರಿಯೂ ಅಲ್ಲ. ಹಾಗಿದ್ದೂ ರೋಗಿಯನ್ನು ತಲುಪುವುದಿಲ್ಲ.

ಮೊದಲು ರೋಗದ ನಡೆಯನ್ನು ತುಸು ತಿಳಿಯಬೇಕು. ಗರ್ಭಕಂಠದ ಕ್ಯಾನ್ಸರ್ ಸ್ವಭಾವತಃ ನೆರೆಹೊರೆಯಲ್ಲೇ ಹಬ್ಬುವ ರೋಗ. ಮೊದಲು ಸುತ್ತಲಿನ ಅಂಗಾಂಶಗಳನ್ನು, ಬಳಿಕ ಕಿಬ್ಬೊಟ್ಟೆಯೊಳಗಿನ ದುಗ್ಧರಸ ಗ್ರಂಥಿಗಳನ್ನು ಆಕ್ರಮಿಸುತ್ತದೆ. ಅಲ್ಲಿಂದ ಮೇಲೇರಿ, ಹೃದಯದಿಂದ ಕೆಳಗಿಳಿದು ಬರುವ ಮಹಾಪಧಮನಿಯ ಇಕ್ಕೆಲದಲ್ಲಿರುವ ಗ್ರಂಥಿಗಳನ್ನು ತಲುಪುತ್ತದೆ. ಈ ಗ್ರಂಥಿಗಳ ಬೆನ್ನಿಗೇ ಇರುವುದು ಬೆನ್ನೆಲುಬಿನ ಸೊಂಟದ ಭಾಗ. ಊದಿಕೊಂಡ ಗ್ರಂಥಿಯಿಂದ ರೋಗ ನೇರವಾಗಿ ಪಕ್ಕದ ಮೂಳೆಗೆ ಕೊರೆದುಕೊಂಡು ಹೋಗುವುದು ಒಂದು ದಾರಿ. ಇನ್ನೊಂದು ದಾರಿ ರಕ್ತದ್ದು. ಕಿಬ್ಬೊಟ್ಟೆಯ ಅಂಗಗಳಿಗೂ ಬೆನ್ನೆಲುಬಿಗೂ ನಡುವೆ ಕವಾಟಗಳಿಲ್ಲದ ಅಭಿಧಮನಿಗಳ ಒಂದು ಜಾಲವಿದೆ. ಅಮೆರಿಕದ ಅಂಗರಚನಾ ಶಾಸ್ತ್ರಜ್ಞ ಆಸ್ಕರ್ ಬ್ಯಾಟ್ಸನ್ 1940ರಲ್ಲಿ ಇದನ್ನು ವಿವರಿಸಿದರು. ಕವಾಟವಿಲ್ಲದ ಕಾರಣ ಅಲ್ಲಿ ರಕ್ತ ಎತ್ತ ಬೇಕಾದರೂ ಹರಿಯಬಲ್ಲದು. ಕೆಮ್ಮಿದಾಗ, ಮುಕ್ಕಿದಾಗ ಕೆಳಗಿನ ರಕ್ತ ಬೆನ್ನೆಲುಬಿನತ್ತ ನುಗ್ಗುತ್ತದೆ. ಜೊತೆಗೆ ಕ್ಯಾನ್ಸರ್ ಕೋಶಗಳೂ ಸಾಗುತ್ತವೆ. ಹೀಗೆ ಸೊಂಟದ ಭಾಗದ ಬೆನ್ನೆಲುಬು ಮತ್ತು ಶ್ರೋಣಿಯ ಮೂಳೆಗಳು ಈ ರೋಗ ಹೆಚ್ಚಾಗಿ ಸೇರುವ ತಾಣಗಳಾಗಿವೆ.

ಮೂಳೆ ಎಂದರೆ ಜಡವಾದ ಕಂಬ ಎಂದು ನಾವು ಭಾವಿಸಿದ್ದೇವೆ. ಹಾಗಲ್ಲ. ಅದು ಪ್ರತಿದಿನ ಒಂದಿಷ್ಟು ಒಡೆಯುತ್ತ, ಅಷ್ಟೇ ಕಟ್ಟಿಕೊಳ್ಳುತ್ತ ಇರುವ ಜೀವಂತ ವಸ್ತು. ಒಳಗೆ ಸೇರಿದ ಕ್ಯಾನ್ಸರ್ ಕೋಶಗಳು ತಾವೇ ಮೂಳೆಯನ್ನು ತಿನ್ನುವುದಿಲ್ಲ. ಒಡೆಯುವ ಕೆಲಸದ ಕೋಶಗಳನ್ನು ಕೆರಳಿಸುತ್ತವೆ. ಒಡೆದ ಮೂಳೆಯಿಂದ ಹೊರಬರುವ ಬೆಳವಣಿಗೆಯ ಅಂಶಗಳು ಮತ್ತೆ ಕ್ಯಾನ್ಸರ್ ಕೋಶಗಳಿಗೇ ಆಹಾರವಾಗುತ್ತವೆ. ಈ ವಿಷವರ್ತುಲದಲ್ಲಿ ಮೂಳೆ ಟೊಳ್ಳಾಗುತ್ತ ಹೋಗುತ್ತದೆ. ಮೊದಲು ಬಿಟ್ಟು ಬಿಟ್ಟು ಬರುವ ಮಂದ ನೋವು. ನಂತರ ರಾತ್ರಿ ಮಲಗಿದಾಗಲೂ ಬಿಡದ ನೋವು. ಕೊನೆಗೆ ಮಗ್ಗುಲು ಬದಲಿಸಿದರೂ ಚೀರುವಂತಾಗುವ ನೋವು. ಟೊಳ್ಳಾದ ಬೆನ್ನೆಲುಬು ಕುಸಿದು ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಶಕ್ತಿ ಹೋಗುತ್ತದೆ, ಮಲಮೂತ್ರದ ಹಿಡಿತ ತಪ್ಪುತ್ತದೆ. ಅದು ದಿನಗಳ ಲೆಕ್ಕದಲ್ಲಿ, ಕೆಲವೊಮ್ಮೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕಾದ ತುರ್ತು ಸ್ಥಿತಿ.

ಎಷ್ಟು ಮಂದಿಯಲ್ಲಿ ಹೀಗಾಗುತ್ತದೆ? ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನಗಳು ನೂರಕ್ಕೆ ಒಂದಕ್ಕಿಂತ ಕಡಿಮೆ ಎಂಬುದರಿಂದ ಹಿಡಿದು ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಎಂಬವರೆಗೆ ಹೇಳುತ್ತವೆ. ಇಷ್ಟು ದೊಡ್ಡ ಅಂತರಕ್ಕೆ ಕಾರಣ ಸರಳ. ಇದು ಹುಡುಕಿದಷ್ಟು ಸಿಗುವ ಅಂಕಿ. ಸ್ಕ್ಯಾನ್ ಮಾಡಿ ನೋಡಿದ ಕಡೆ ಹೆಚ್ಚು, ನೋಡದ ಕಡೆ ಕಡಿಮೆ. ಲೆಕ್ಕದ ಅನುಕೂಲಕ್ಕೆ ನೂರಕ್ಕೆ ಐದು ಎಂದು ಹಿಡಿದುಕೊಂಡರೂ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಭಾರತೀಯ ಮಹಿಳೆಯರಾಗುತ್ತಾರೆ. ಮೂಳೆಯಲ್ಲಿ ರೋಗ ಕಾಣಿಸಿಕೊಂಡ ನಂತರ ಅವರಲ್ಲಿ ಹೆಚ್ಚಿನವರ ಆಯಸ್ಸು ಒಂದು ವರ್ಷದೊಳಗೆ. ಕೆಲವರದು ಅದಕ್ಕಿಂತ ದೀರ್ಘ. ಅಂದರೆ ನಾವು ಮಾತನಾಡುತ್ತಿರುವುದು ಕೊನೆಯ ಎರಡು ದಿನಗಳ ಬಗ್ಗೆ ಅಲ್ಲ; ತಿಂಗಳುಗಳ ಬಗ್ಗೆ.

ಈ ತಿಂಗಳುಗಳಲ್ಲಿ ಮೊದಲು ವ್ಯರ್ಥವಾಗುವುದು ಪತ್ತೆಯ ಕಾಲ. ನಮ್ಮ ಕುಟುಂಬಕ್ಕೆ ಪರಿಚಿತರಾದ, ಐವತ್ತರ ಆಸುಪಾಸಿನ ಗೃಹಿಣಿಯೊಬ್ಬರು ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು ಗುಣಮುಖರಾಗಿದ್ದರು. ಒಂದೂವರೆ ವರ್ಷದ ನಂತರ ಸೊಂಟನೋವು ಶುರುವಾಯಿತು. ಮನೆಯವರು ವಯಸ್ಸಿನದು ಎಂದರು. ಬಡಾವಣೆಯ ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆದರು. ಮತ್ತೊಬ್ಬರು ನರ ಒತ್ತಿಕೊಂಡಿದೆ ಎಂದು ವ್ಯಾಯಾಮ ಹೇಳಿಕೊಟ್ಟರು. ಎಣ್ಣೆ ತಿಕ್ಕಿಸಿದ್ದೂ ಆಯಿತು. ಹಿಂದಿನ ಕಾಯಿಲೆಯ ಕಡತವನ್ನು ಯಾರೂ ಕೇಳಲಿಲ್ಲ. ಗುಪ್ತಾಂಗದ ರೋಗವಾದ್ದರಿಂದ ಅವರಾಗಿಯೇ ಹೇಳಲಿಲ್ಲ. ಬೆನ್ನೆಲುಬಿನ ಸ್ಕ್ಯಾನ್ ಆಗುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿದ್ದವು. ಇದು ಅಪರೂಪದ ಕಥೆಯೇನಲ್ಲ. ನಾಟಿ, ಕಳೆ, ನೀರು ಹೊರುವುದು ಎಂದು ಬಗ್ಗಿಯೇ ಬದುಕುವ ಹೆಂಗಸರ ನಾಡಿನಲ್ಲಿ ಸೊಂಟನೋವು ದೂರು ಎನಿಸಿಕೊಳ್ಳುವುದೇ ಕಷ್ಟ. ಗರ್ಭಕಂಠದ ಕ್ಯಾನ್ಸರ್ ಮರುಕಳಿಸುವುದಿದ್ದರೆ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲೇ ಮರುಕಳಿಸುತ್ತದೆ. ಆದ್ದರಿಂದ ಈ ಚಿಕಿತ್ಸೆ ಪಡೆದ ಮಹಿಳೆಯಲ್ಲಿ ಹೊಸದಾಗಿ ಕಾಣಿಸಿಕೊಂಡು ವಾರಗಟ್ಟಲೆ ಬಿಡದ ಬೆನ್ನುನೋವನ್ನು ಬೇರೆ ಕಾರಣ ಸಿಗುವವರೆಗೆ ಅನುಮಾನದಿಂದಲೇ ನೋಡಬೇಕು. ಬಿಡುಗಡೆಯ ದಿನ ಕೈಗೆ ಕೊಡುವ ಚೀಟಿಯಲ್ಲಿ ಈ ಒಂದು ವಾಕ್ಯವನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಯಾವ ಯೋಜನಾ ವೆಚ್ಚವೂ ಬೇಕಿಲ್ಲ.

ಪತ್ತೆಯಾದ ಮೇಲೆ ಮಾಡಬಹುದಾದದ್ದು ಏನು? ರೋಗವನ್ನು ಬೇರುಸಹಿತ ಕಿತ್ತುಹಾಕುವ ಹಂತ ಬಹುತೇಕರಲ್ಲಿ ಕಳೆದಿರುತ್ತದೆ. ಆದರೆ ನೋವನ್ನು ಇಳಿಸಬಹುದು. ಅದಕ್ಕೆ ಇರುವ ಉತ್ತಮ ಉಪಾಯಗಳಲ್ಲಿ ಒಂದು, ನೋಯುವ ಮೂಳೆಗೆ ವಿಕಿರಣ ಕೊಡುವುದು. ಹಿಂದೆ ಇದನ್ನು ಹತ್ತು ದಿನ, ಹದಿನೈದು ದಿನ ಕಂತುಗಳಲ್ಲಿ ಕೊಡುತ್ತಿದ್ದರು. 1990ರ ದಶಕದಿಂದ ಈಚೆಗೆ ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕ ಮುಂತಾದೆಡೆ ನಡೆದ ದೊಡ್ಡ ಪ್ರಯೋಗಗಳು ಒಂದು ಪ್ರಶ್ನೆಯನ್ನು ಕೇಳಿದವು: 8 ಗ್ರೇ ಪ್ರಮಾಣದ ವಿಕಿರಣವನ್ನು ಒಂದೇ ಸಲ ಕೊಟ್ಟರೆ ಸಾಲದೇ? ಇವೆಲ್ಲವನ್ನೂ ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಉತ್ತರ ಸ್ಪಷ್ಟವಾಗಿತ್ತು. ಒಂದೇ ಸಲ ಪಡೆದವರಲ್ಲೂ, ಹಲವು ಸಲ ಪಡೆದವರಲ್ಲೂ ನೂರಕ್ಕೆ 58-59 ಮಂದಿಗೆ ನೋವು ಇಳಿದಿತ್ತು. ವ್ಯತ್ಯಾಸ ಇದ್ದದ್ದು ಒಂದೇ: ಒಂದೇ ಸಲ ಪಡೆದವರಲ್ಲಿ ಮುಂದೆ ಮತ್ತೊಮ್ಮೆ ವಿಕಿರಣ ಬೇಕಾದವರು ನೂರಕ್ಕೆ 20, ಹಲವು ಸಲ ಪಡೆದವರಲ್ಲಿ 8. ಮೂಳೆ ಮುರಿದಿರುವಾಗ, ಬೆನ್ನುಹುರಿ ಒತ್ತಿಕೊಂಡಿರುವಾಗ ಲೆಕ್ಕ ಬೇರೆ. ಅಂಥ ತೊಡಕಿಲ್ಲದ ನೋವಿಗೆ ಒಂದೇ ದಿನದ ಚಿಕಿತ್ಸೆ ಸಾಕು.

ಬೆಂಗಳೂರಿನ ಓದುಗರಿಗೆ ಒಂದು ದಿನ, ಹತ್ತು ದಿನ ಎಂಬುದರ ಅಂತರ ಅಷ್ಟಾಗಿ ತಟ್ಟಲಿಕ್ಕಿಲ್ಲ. ವಿಕಿರಣ ಯಂತ್ರಗಳು ಕೆಲವೇ ನಗರಗಳಲ್ಲಿರುವ ರಾಜ್ಯದಲ್ಲಿ ಸುರಪುರದಿಂದಲೋ ಹನೂರಿನಿಂದಲೋ ಬರುವ ಮಹಿಳೆಯನ್ನು ನೆನೆಸಿಕೊಳ್ಳಿ. ಕೂತರೂ ಮಲಗಿದರೂ ನೋಯುವ ಬೆನ್ನೆಲುಬಿನೊಂದಿಗೆ ಬಸ್ ಪ್ರಯಾಣ. ಜೊತೆಗೆ ಬರುವ ಮಗನದೋ ಮಗಳದೋ ಕೂಲಿ ನಷ್ಟ. ಆಸ್ಪತ್ರೆ ಬಳಿ ಛತ್ರದ ವಾಸ, ಹೋಟೆಲಿನ ಊಟ. ಚಿಕಿತ್ಸೆ ಉಚಿತವಾದರೂ ಈ ವೆಚ್ಚವನ್ನು ಯಾವ ವಿಮೆಯೂ ಕೊಡುವುದಿಲ್ಲ. ಉಳಿದಿರುವುದು ಕೆಲವೇ ತಿಂಗಳು ಎಂದಾದಾಗ ಅದರಲ್ಲಿ ಎರಡು ವಾರವನ್ನು ಸರದಿಯ ಸಾಲಿನಲ್ಲಿ ಕಳೆಯುವುದು ಸಣ್ಣ ನಷ್ಟವಲ್ಲ. ಯಂತ್ರದ ಲೆಕ್ಕವೂ ಇದೆ. ಒಬ್ಬರಿಗೆ ಹತ್ತು ಸರದಿ ಕೊಡುವ ಬದಲು ಒಂದು ಕೊಟ್ಟರೆ ಉಳಿದ ಒಂಬತ್ತು ಸರದಿಗಳು ಗುಣವಾಗಬಲ್ಲ ರೋಗಿಗಳಿಗೆ ಸಿಗುತ್ತವೆ.

ಇಷ್ಟಾದರೂ ಒಂದೇ ಸಲದ ಚಿಕಿತ್ಸೆ ಜಗತ್ತಿನ ಹಲವೆಡೆ ನಿಧಾನವಾಗಿ ಮಾತ್ರ ಬಳಕೆಗೆ ಬಂದಿದೆ. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ ವೃದ್ಧರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ಸಲದ ವಿಕಿರಣ ಪಡೆದವರು ನೂರಕ್ಕೆ ಮೂರೋ ನಾಲ್ಕೋ ಮಂದಿ. ಪ್ರತಿ ಸರದಿಗೂ ಇಷ್ಟು ಎಂದು ಹಣ ಪಾವತಿಸುವ ಪದ್ಧತಿ ಇರುವೆಡೆ ಸರದಿಗಳು ಹೆಚ್ಚುತ್ತವೆ ಎಂಬುದನ್ನು ತಿಳಿಯಲು ಎಂ.ಎ. ಪದವಿ ಬೇಕಿಲ್ಲ. ನಮ್ಮ ಆರೋಗ್ಯ ವಿಮೆಯ ದರಪಟ್ಟಿಗಳನ್ನು ರೂಪಿಸುವವರು ಈ ಒಂದು ಸಂಗತಿಯನ್ನು ಗಮನಿಸಿ, ಮೂಳೆನೋವಿನ ಪರಿಹಾರಕ್ಕೆ ಸರದಿಗಳ ಸಂಖ್ಯೆಯನ್ನು ಅವಲಂಬಿಸದ ಒಂದೇ ದರವನ್ನು ನಿಗದಿಪಡಿಸುವುದು ಉಚಿತ.

ಎರಡನೆಯ ಉಪಾಯ ಮಾರ್ಫಿನ್. ಇಲ್ಲಿ ನಮ್ಮ ದೇಶದ ಕಥೆ ವಿಚಿತ್ರವಾದದ್ದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿನ ನಿವಾರಣೆಗೆ ಮೆಟ್ಟಿಲುಗಳ ಕ್ರಮವೊಂದನ್ನು ಸೂಚಿಸಿತು: ಮೊದಲು ಸಾಮಾನ್ಯ ನೋವು ನಿವಾರಕ, ಸಾಲದಿದ್ದರೆ ಅದಕ್ಕಿಂತ ಪ್ರಬಲವಾದದ್ದು, ಅದೂ ಸಾಲದಿದ್ದರೆ ಬಾಯಿಯ ಮೂಲಕ ಮಾರ್ಫಿನ್. ಜಗತ್ತಿಗೆ ಈ ಮಾತು ಹೇಳಿದ ವರ್ಷಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ನಾವು ಮಾದಕ ದ್ರವ್ಯಗಳ ನಿಯಂತ್ರಣ ಕಾಯ್ದೆಯನ್ನು ಜಾರಿಗೆ ತಂದಿದ್ದೆವು. ಅಪರಾಧಕ್ಕೆ ಕನಿಷ್ಠ ಹತ್ತು ವರ್ಷದ ಸೆರೆವಾಸ, ಲಕ್ಷ ರೂಪಾಯಿ ದಂಡ. 2001ರ ತಿದ್ದುಪಡಿಯವರೆಗೆ ಸಿಕ್ಕಿಬಿದ್ದ ಪ್ರಮಾಣ ಎಷ್ಟೆಂಬುದೂ ಮುಖ್ಯವಾಗಿರಲಿಲ್ಲ. ಆಸ್ಪತ್ರೆಗೆ ಮಾರ್ಫಿನ್ ತರಿಸಬೇಕಾದರೆ ದಾಸ್ತಾನಿಗೆ ಒಂದು ಪರವಾನಗಿ, ಹೊರರಾಜ್ಯದಿಂದ ತರಿಸಲು ಒಂದು, ಅಲ್ಲಿಂದ ಕಳಿಸಲು ಒಂದು, ಸಾಗಿಸಲು ಮತ್ತೊಂದು. ಇವುಗಳನ್ನು ಕೊಡಬೇಕಾದ ಕಚೇರಿಗಳೂ ಬೇರೆ ಬೇರೆ. ಎಲ್ಲವೂ ಒಂದೇ ಕಾಲದಲ್ಲಿ ಚಾಲ್ತಿಯಲ್ಲಿರಬೇಕು. ಕೊನೆಯದು ಕೈಸೇರುವ ಹೊತ್ತಿಗೆ ಮೊದಲಿನದರ ಅವಧಿ ಮುಗಿದಿರುತ್ತಿತ್ತು. ಪರಿಣಾಮವಾಗಿ, 1985ರ ಸುಮಾರಿಗೆ ವರ್ಷಕ್ಕೆ 600 ಕಿಲೋಗ್ರಾಂಗೂ ಹೆಚ್ಚಿದ್ದ ದೇಶದ ಮಾರ್ಫಿನ್ ಬಳಕೆ 1997ರ ವೇಳೆಗೆ 20 ಕಿಲೋಗ್ರಾಂಗಿಂತ ಕೆಳಗಿಳಿಯಿತು.

ಇದೇ ಅವಧಿಯಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆಯುತ್ತಿದ್ದರು. ಘಾಜೀಪುರದಲ್ಲಿ ಮತ್ತು ನೀಮಚ್‌ನಲ್ಲಿ ಕೇಂದ್ರ ಸರ್ಕಾರದ್ದೇ ಅಫೀಮು ಕಾರ್ಖಾನೆಗಳಿವೆ. ಘಾಜೀಪುರದ್ದು ಕಂಪನಿ ಸರ್ಕಾರದ ಕಾಲದ್ದು, 1820ರದು. ಔಷಧಕ್ಕಾಗಿ ಅಫೀಮು ಬೆಳೆದು ಹೊರದೇಶಗಳಿಗೆ ಕಳಿಸಿಕೊಟ್ಟ ಪ್ರಮುಖ ರಾಷ್ಟ್ರದಲ್ಲಿ, ಆ ಬೆಳೆಯ ಊರಿನ ಹೆಣ್ಣುಮಗಳೇ ಮೂಳೆ ಕ್ಯಾನ್ಸರಿನಿಂದ ಚೀರುತ್ತಿದ್ದರೆ ಆಕೆಗೆ ಒಂದು ಮಾತ್ರೆ ಸಿಗುತ್ತಿರಲಿಲ್ಲ. ಯೋಜನಾಬದ್ಧ ಅರ್ಥವ್ಯವಸ್ಥೆಯ ವೈಪರೀತ್ಯಗಳನ್ನು ಕುರಿತು ನಾವು ಕಾಲೇಜಿನಲ್ಲಿ ಎಷ್ಟೋ ಓದಿದ್ದೇವೆ. ಇಂಥ ಉದಾಹರಣೆ ಯಾವ ಪಠ್ಯದಲ್ಲೂ ಇರಲಿಲ್ಲ.

ಜಿಲ್ಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ದತ್ತಿ ಆಸ್ಪತ್ರೆಯೊಂದು ಸಲ್ಲಿಸಿದ್ದ ಇಂಥದೇ ಅರ್ಜಿಯ ಕಡತವನ್ನು ನಾನು ನೋಡಿದ್ದೆ. ಅದರಲ್ಲಿ ಎರಡು ಬೀಗದ ಕಪಾಟಿನ ಬಗ್ಗೆ ಟಿಪ್ಪಣಿ ಇತ್ತು. ಕಿಟಕಿಗೆ ಸರಳು ಇದೆಯೇ ಎಂಬ ಸ್ಥಳ ಪರಿಶೀಲನಾ ವರದಿ ಇತ್ತು. ಬೀಗದ ಕೈ ಯಾರ ಬಳಿ ಇರತಕ್ಕದ್ದು ಎಂಬ ಬಗ್ಗೆ ‘ಮಾರ್ಗದರ್ಶನ ಕೋರಿ’ ಮೇಲಿನ ಕಚೇರಿಗೆ ಹೋಗಿ ಬಂದ ಪತ್ರವಿತ್ತು. ರೋಗಿ ಎಂಬ ಪದ ಅರ್ಜಿಯ ಮೊದಲ ಪುಟ ಬಿಟ್ಟರೆ ಮತ್ತೆಲ್ಲೂ ಇರಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ನನಗೆ ಕಾಣುವುದಿಲ್ಲ. ದಾಸ್ತಾನಿನಲ್ಲಿ ಹತ್ತು ಮಾತ್ರೆ ಕಡಿಮೆಯಾದರೆ ಸಹಿ ಹಾಕಿದವನು ವಿಚಾರಣೆ ಎದುರಿಸಬೇಕು, ಸೇವಾ ಪುಸ್ತಕದಲ್ಲಿ ಷರಾ ಬೀಳುತ್ತದೆ. ಹತ್ತು ಮಂದಿ ನೋವಿನಿಂದ ನರಳಿ ಸತ್ತರೆ ಯಾವ ಅಧಿಕಾರಿಗೂ ಯಾವ ನೋಟಿಸೂ ಬರುವುದಿಲ್ಲ. ಹೀಗಿರುವಾಗ ಬುದ್ಧಿವಂತನಾದ ಯಾವ ಗುಮಾಸ್ತನೂ ಕಡತವನ್ನು ಒಂದು ಮೇಜು ಮುಂದಕ್ಕೆ ತಳ್ಳಿ ಸುಮ್ಮನಿರುತ್ತಾನೆ. ಕೊಟ್ಟದ್ದಕ್ಕೆ ಶಿಕ್ಷೆಯಿದ್ದು, ಕೊಡದಿರುವುದಕ್ಕೆ ಏನೂ ಇಲ್ಲದ ವ್ಯವಸ್ಥೆಯಲ್ಲಿ ಮನುಷ್ಯರು ನಡೆದುಕೊಳ್ಳುವ ರೀತಿಯೇ ಅದು.

ಕಾನೂನು ಬದಲಾಗಲಿಲ್ಲ ಎಂದಲ್ಲ. ಪರವಾನಗಿ ಕ್ರಮವನ್ನು ಸರಳಗೊಳಿಸುವಂತೆ ಕೇಂದ್ರದ ಕಂದಾಯ ಇಲಾಖೆ 1998ರಲ್ಲೇ ರಾಜ್ಯಗಳಿಗೆ ಮಾದರಿ ನಿಯಮಗಳನ್ನು ಕಳಿಸಿತು. ಅವು ನಿಯಮಗಳಲ್ಲ, ಸಲಹೆಗಳು. ಸಲಹೆಗಳಿಗೆ ಆಗುವ ಗತಿಯೇ ಬಹುತೇಕ ರಾಜ್ಯಗಳಲ್ಲಿ ಅವಕ್ಕೂ ಆಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಾತಿಗಳು ದೆಹಲಿಯ ಕಚೇರಿಗಳ ಮೆಟ್ಟಿಲು ಹತ್ತಿಳಿದು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೊನೆಗೆ 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. 2015ರಲ್ಲಿ ನಿಯಮಗಳು ಬಂದವು. ಮಾರ್ಫಿನ್ ಸೇರಿದಂತೆ ಆರು ಔಷಧಗಳು ‘ಅಗತ್ಯ ಮಾದಕ ಔಷಧ’ಗಳೆನಿಸಿದವು. ಹಲವು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು ಎಂದಾಯಿತು. ತರಬೇತಿ ಪಡೆದ ಒಬ್ಬ ವೈದ್ಯರಿರಬೇಕು, ಲೆಕ್ಕ ಸರಿಯಾಗಿಡಬೇಕು, ಅಷ್ಟೆ.

ಆದರೂ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಜಗತ್ತಿನ ನೋವಿನ ಲೆಕ್ಕ ತೆಗೆದಾಗ, ಭಾರತಕ್ಕೆ ಸಿಗುತ್ತಿದ್ದದ್ದು ಅಗತ್ಯದ ನೂರಕ್ಕೆ ನಾಲ್ಕು ಭಾಗ ಎಂದು ತಿಳಿದುಬಂತು. ಅಮೆರಿಕಕ್ಕೆ ಅಗತ್ಯದ ಮೂವತ್ತು ಪಟ್ಟು. ಕಾನೂನು ತೆರವಾದ ಮೇಲೂ ಮದ್ದು ಬಾರದಿರಲು ಎರಡು ಕಾರಣಗಳನ್ನು ಮುಖ್ಯವಾಗಿ ಹೇಳಬಹುದು. ಮೊದಲನೆಯದು ಭಯ. ಎರಡು ಮೂರು ತಲೆಮಾರಿನ ವೈದ್ಯರು ಮಾರ್ಫಿನ್ ಬರೆಯುವುದನ್ನು ಕಲಿಯದೆ ಪದವಿ ಪಡೆದರು. ಎಂ.ಬಿ.ಬಿ.ಎಸ್. ಪಠ್ಯದಲ್ಲಿ ಉಪಶಾಮಕ ಚಿಕಿತ್ಸೆಗೆ ಸರಿಯಾದ ಜಾಗ ಸಿಕ್ಕಿದ್ದು 2019ರ ಹೊಸ ಪಠ್ಯಕ್ರಮದಲ್ಲಿ. ಬರೆಯುವ ಕೆಲವರೂ ಅದರೊಂದಿಗೆ ಮಲಬದ್ಧತೆಗೆ ಮಾತ್ರೆ ಕೊಡುವುದನ್ನು ಮರೆಯುತ್ತಾರೆ. ನಾಲ್ಕು ದಿನದಲ್ಲಿ ರೋಗಿಯೇ ಮಾರ್ಫಿನ್ ಬೇಡವೆನ್ನುತ್ತಾಳೆ. ಮನೆಯವರಿಗೆ ಚಟದ ಭಯ. ಅಮೆರಿಕದಲ್ಲಿ ನೋವು ನಿವಾರಕಗಳ ಚಟ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿದ್ದು ನಿಜ. ಆದರೆ ಅಲ್ಲಿ 1996ರ ನಂತರ ನಡೆದದ್ದು, ದುಬಾರಿಯಾದ ಬೇರೊಂದು ಮಾತ್ರೆಯನ್ನು ಸಾಧಾರಣ ಬೆನ್ನುನೋವಿಗೂ ಕೊಡಬಹುದೆಂದು ಕಂಪನಿಗಳು ನಡೆಸಿದ ಮಾರಾಟ ಪ್ರಚಾರ. ಬೆನ್ನೆಲುಬು ಕುಸಿಯುತ್ತಿರುವ ಕ್ಯಾನ್ಸರ್ ರೋಗಿಗೆ ವೈದ್ಯರ ಉಸ್ತುವಾರಿಯಲ್ಲಿ ಕೊಡುವ ಮಾರ್ಫಿನ್ ಆ ಅನಾಹುತದ ಮೂಲವಾಗಿರಲಿಲ್ಲ. ಎರಡೂ ಕಡೆ ತಪ್ಪಿದ್ದು ಒಂದೇ: ಯಾರಿಗೆ ಬೇಕೋ ಅವರಿಗೆ ಎಂಬ ವಿವೇಕ.

ಎರಡನೆಯ ಕಾರಣ ಬೆಲೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಬೆಲೆ ಕೆಲವೇ ರೂಪಾಯಿ. ಪೇಟೆಂಟ್ ಇಲ್ಲ, ಲಾಭವಿಲ್ಲ. ಅದನ್ನು ವೈದ್ಯರಿಗೆ ಪರಿಚಯಿಸಲು ಚೀಲ ಹಿಡಿದು ಬರುವ ಪ್ರತಿನಿಧಿಯೂ ಇಲ್ಲ. ಲೆಕ್ಕಪುಸ್ತಕದ ತಲೆನೋವು ಬೇಡವೆಂದು ಔಷಧದಂಗಡಿಯವರು ಇಟ್ಟುಕೊಳ್ಳುವುದಿಲ್ಲ. ಬೆಲೆ ಏರಿದ್ದರಿಂದ ಬಡವರ ಕೈಗೆಟುಕದ ಔಷಧಗಳ ಬಗ್ಗೆ ನಾವು ಬಹಳ ಮಾತನಾಡಿದ್ದೇವೆ. ಅಗ್ಗವಾದದ್ದರಿಂದಲೇ ಮಾರುಕಟ್ಟೆಯಲ್ಲಿ ಕಾಣದ ಔಷಧಕ್ಕೆ ಇದೊಂದು ನಿದರ್ಶನ. ಮಾರುಕಟ್ಟೆ ಕೊಡದ್ದನ್ನು ಸರ್ಕಾರವೇ ಕೊಡಬೇಕು ಎಂಬ ವಾದಕ್ಕೆ ಇದಕ್ಕಿಂತ ನಿರ್ವಿವಾದವಾದ ಪ್ರಕರಣ ಸಿಗುವುದು ಕಷ್ಟ.

ಕೇರಳ ಇದನ್ನು ಮಾಡಿತು. 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಸಣ್ಣದಾಗಿ ಆರಂಭವಾದ ನೋವು ನಿವಾರಣಾ ಸೇವೆ ಸ್ವಯಂಸೇವಕರ ಜಾಲವಾಗಿ ಹಳ್ಳಿಗಳಿಗೆ ಹಬ್ಬಿತು. 2008ರಲ್ಲಿ ರಾಜ್ಯ ಸರ್ಕಾರ ಉಪಶಾಮಕ ಆರೈಕೆಯ ನೀತಿಯನ್ನು ಘೋಷಿಸಿತು; ಹಾಗೆ ಮಾಡಿದ ದೇಶದ ಮೊದಲ ರಾಜ್ಯ ಅದು. ಪಂಚಾಯಿತಿಗಳು ಹಣ ಕೊಟ್ಟವು, ದಾದಿಯರು ಮನೆಮನೆಗೆ ಹೋದರು. ಕೇರಳದ ಮಾತೆತ್ತಿದರೆ ‘ಅಲ್ಲಿಯ ಸಾಕ್ಷರತೆ ಬೇರೆ, ಪಂಚಾಯಿತಿ ಬೇರೆ’ ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿರುತ್ತದೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಅಲ್ಲಿಯ ಸ್ವಯಂಸೇವೆಯ ಸಂಸ್ಕೃತಿಯನ್ನು ಆದೇಶ ಹೊರಡಿಸಿ ತರಲಾಗದು. ಆದರೆ ಮಾತ್ರೆಯನ್ನು ತರಬಹುದು. ನಮ್ಮಲ್ಲಿ ಏನೂ ಇಲ್ಲವೆಂದೂ ಅಲ್ಲ. 1973ರಿಂದ ಇರುವ ಕಿದ್ವಾಯಿ ಸಂಸ್ಥೆ ಇದೆ. ಬೆಂಗಳೂರಿನಲ್ಲಿ 1999ರಿಂದ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿರುವ ಕರುಣಾಶ್ರಯವಿದೆ. ಇವು ನಡೆದು ತೋರಿಸಿದ ದಾರಿಗಳು. ಆದರೆ ಮೂಳೆನೋವಿನ ಮಹಿಳೆ ಬೆಂಗಳೂರಿಗೆ ಬರಬೇಕೆಂಬುದೇ ಸಮಸ್ಯೆಯಾಗಿರುವಾಗ, ಬೆಂಗಳೂರಿನಲ್ಲಿ ಇದೆ ಎಂಬುದು ಪೂರ್ಣ ಉತ್ತರವಾಗದು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್ ವಿಮೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿದೆ. ಅದು ದೊಡ್ಡ ಹೆಜ್ಜೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ರೂಪುಗೊಂಡಿರುವುದು ಆಸ್ಪತ್ರೆಯಲ್ಲಿ ದಾಖಲಾಗುವ ರೋಗಿಗಾಗಿ. ಹೊರರೋಗಿಯ ಮಾತ್ರೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಫಲ ಕೊಡುವ ಸಂಭವ ಕಡಿಮೆ ಇರುವ ಮತ್ತೊಂದು ಸುತ್ತಿನ ಕಿಮೋಥೆರಪಿಗೆ ಸಾವಿರಾರು ರೂಪಾಯಿ ಸಿಗಬಹುದು. ಆಕೆ ಮನೆಯ ಹಜಾರದಲ್ಲಿ ಮಲಗಿ ನಿದ್ರೆ ಮಾಡಲು ಬೇಕಾದ ಕೆಲವು ರೂಪಾಯಿಯ ಮಾತ್ರೆಗೆ ಸಿಗುವುದಿಲ್ಲ. ಏನೂ ಮಾಡಲಾಗದೆಂದು ಮನೆಗೆ ಕಳುಹಿಸಿದ ದಿನದಿಂದ ಆಕೆ ಯಾವ ಇಲಾಖೆಯ ಜವಾಬ್ದಾರಿಯೂ ಅಲ್ಲ.

ಇಷ್ಟನ್ನೂ ಓದಿದ ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ಎತ್ತಬಹುದು. ಸಾಯುತ್ತಿರುವವರಿಗೆ ಖರ್ಚು ಮಾಡುವ ರೂಪಾಯಿಯನ್ನು ರೋಗ ಬಾರದಂತೆ ತಡೆಯಲು ಖರ್ಚು ಮಾಡಿದರೆ ಹೆಚ್ಚು ಜೀವ ಉಳಿಯುವುದಿಲ್ಲವೇ? ಉಳಿಯುತ್ತದೆ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1.31 ಲಕ್ಷ ಮಹಿಳೆಯರ ನಡುವೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ, ಜೀವಮಾನದಲ್ಲಿ ಒಂದೇ ಸಲ ವೈರಸ್ ಪರೀಕ್ಷೆ ಮಾಡಿದರೂ ಮುಂದುವರಿದ ಹಂತದ ರೋಗ ಮತ್ತು ಸಾವು ಸುಮಾರು ಅರ್ಧಕ್ಕಿಳಿಯುತ್ತವೆ ಎಂದು ತೋರಿಸಿತು. ನಮ್ಮ ನೆರೆಯ ಜಿಲ್ಲೆಗಳನ್ನೇ ಹೋಲುವ ಬರದ ಸೀಮೆಯಲ್ಲಿ ದೊರೆತ ಈ ಫಲಿತಾಂಶವನ್ನು ಜಗತ್ತೆಲ್ಲ ಉಲ್ಲೇಖಿಸಿತು. ಹತ್ತು ವರ್ಷಗಳ ನಂತರ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ವಿಚಾರಿಸಿದಾಗ, 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಗರ್ಭಕಂಠದ ಪರೀಕ್ಷೆಯನ್ನು ಎಂದಾದರೂ ಮಾಡಿಸಿಕೊಂಡಿದ್ದವರು ನೂರಕ್ಕೆ 1.9 ಮಂದಿ.

ಆದರೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಲ್ಯಾನ್ಸೆಟ್ ಆಯೋಗದ ಅಂದಾಜಿನಂತೆ, ಇಡೀ ಜಗತ್ತಿನ ನೋವಿನ ಮದ್ದಿನ ಕೊರತೆಯನ್ನು ಅತ್ಯಂತ ಅಗ್ಗದ ಅಂತರರಾಷ್ಟ್ರೀಯ ದರದಲ್ಲಿ ನೀಗಿಸಲು ಬೇಕಾಗುವುದು ವರ್ಷಕ್ಕೆ 14.5 ಕೋಟಿ ಡಾಲರ್. ಜಗತ್ತಿನ ಸರ್ಕಾರಗಳ ಲೆಕ್ಕದಲ್ಲಿ ಇದು ಚಿಲ್ಲರೆ. ಇನ್ನೊಂದು ಮಾತೂ ಇದೆ. ಓಣಿಯ ಹೆಂಗಸೊಬ್ಬಳು ‘ದೊಡ್ಡಾಸ್ಪತ್ರೆಗೆ’ ಹೋಗಿ ಬಂದು, ಆರು ತಿಂಗಳು ರಾತ್ರಿಯೆಲ್ಲ ಕೂಗಿ ಸತ್ತದ್ದನ್ನು ಕೇಳಿಸಿಕೊಂಡ ಓಣಿಯಲ್ಲಿ ಆಶಾ ಕಾರ್ಯಕರ್ತೆ ಮರುವರ್ಷ ತಪಾಸಣೆಗೆ ಕರೆದರೆ ಯಾರು ಹೊರಡುತ್ತಾರೆ? ಕ್ಯಾನ್ಸರ್ ಎಂಬ ಪದಕ್ಕೇ ಜನ ಹೆದರುತ್ತಾರೆ ಎನ್ನುತ್ತೇವೆ. ಅವರು ಹೆದರುವುದು ಪದಕ್ಕಲ್ಲ, ಕಣ್ಣಾರೆ ಕಂಡ ಸಾವಿಗೆ. ಎರಡೂ ಕೆಲಸಕ್ಕೆ ಬೇಕಾದದ್ದು ಅದೇ ಪ್ರಾಥಮಿಕ ಆರೋಗ್ಯ ಕೇಂದ್ರ, ಅದೇ ದಾದಿ.

ಆಗಬೇಕಾದದ್ದು ದೊಡ್ಡದೇನಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯೂ 2015ರ ನಿಯಮಗಳಡಿ ಮಾನ್ಯತೆ ಪಡೆಯಬೇಕು. ಅಲ್ಲಿನ ಒಬ್ಬ ವೈದ್ಯರು, ಇಬ್ಬರು ದಾದಿಯರು ಕೆಲವು ದಿನಗಳ ತರಬೇತಿ ಪಡೆಯಬೇಕು. ಮನೆಗೆ ಕಳುಹಿಸಿದ ರೋಗಿಯ ಹೆಸರು ಆಕೆಯ ಊರಿನ ಆರೋಗ್ಯ ಕೇಂದ್ರದ ವಹಿಯಲ್ಲಿ ದಾಖಲಾಗಬೇಕು. ಇದಿಷ್ಟನ್ನು ಹೇಳುವ ಸುತ್ತೋಲೆ ಹೊರಡಿಸುವುದು ಸುಲಭ. ನಾನೇ ಅಂಥ ಎಷ್ಟೋ ಸುತ್ತೋಲೆಗಳಿಗೆ ಸಹಿ ಹಾಕಿದ್ದೇನೆ. ಸುತ್ತೋಲೆಯಿಂದ ಮೇಲಿನ ಲೆಕ್ಕ ತಿರುಗುಮುರುಗಾಗುವುದಿಲ್ಲ. ಕೊಡದಿರುವುದಕ್ಕೂ ಉತ್ತರ ಹೇಳಬೇಕಾದ ಒಂದು ಸ್ಥಳ ಬೇಕು. ಅಂಥ ಸ್ಥಳ ನಮ್ಮಲ್ಲಿ ಈಗಾಗಲೇ ಇದೆ. ಜಿಲ್ಲಾ ಮಟ್ಟದ ಕೆಡಿಪಿ ಸಭೆಯಲ್ಲಿ ಮಳೆ ಎಷ್ಟಾಯಿತು, ಬಿತ್ತನೆ ಬೀಜದ ದಾಸ್ತಾನು ಎಷ್ಟಿದೆ, ರಸಗೊಬ್ಬರ ಎಷ್ಟು ಬಂತು ಎಂದು ಸಚಿವರು ಕೇಳುತ್ತಾರೆ, ಅಧಿಕಾರಿಗಳು ಎದ್ದು ನಿಂತು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಆರೋಗ್ಯ ಇಲಾಖೆಯ ಪ್ರಗತಿ ವರದಿಯಲ್ಲಿ ಎರಡು ಅಂಕಣ ಹೆಚ್ಚಿಸಿದರೆ ಸಾಕು: ಮನೆಯಲ್ಲಿರುವ ಕ್ಯಾನ್ಸರ್ ರೋಗಿಗಳು ಎಷ್ಟು, ಇಂದು ಜಿಲ್ಲೆಯಲ್ಲಿರುವ ಮಾರ್ಫಿನ್ ಮಾತ್ರೆಗಳು ಎಷ್ಟು ದಿನಕ್ಕೆ ಬರುತ್ತವೆ. ಎರಡನೆಯ ಅಂಕಣದಲ್ಲಿ ಸೊನ್ನೆ ಇದ್ದ ಜಿಲ್ಲೆಯ ಆರೋಗ್ಯಾಧಿಕಾರಿಯೂ ಎದ್ದು ನಿಂತು ಕಾರಣ ಹೇಳಲಿ.